ಮೂಡಲ ಮೋಡ, ಪಡುವಲ ಮೋಡ

“ನಿಮ್ಮ ಕಡೆಯೋರು ಮಳೆ ಬಂದ್ರೆ ನೋಡೋಕೆ ಅಂತ ಹೊರಕ್ಕೆ ಬರ್ತೀರ, ನಾವು ಒಳಕ್ಕೆ ಹೋಗ್ತೀವಿ. ಇಷ್ಟೇ ಕಣವ್ವ ವ್ಯತ್ಯಾಸ” ಅಂತ ನಮ್ಮತ್ತೆ ಹೇಳೋರು. ನನ್ನ ತವರು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿ. ಕೊಟ್ಟ ಮನೆ ಬೇಲೂರು ದಾಟಿ ಬಿಕ್ಕೋಡಿನ ಕಡೆ. ಎರಡೂ ಹಾಸನ ಜಿಲ್ಲೆಯೇ, ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋದರೆ ಸುಮಾರು 60 ಕಿಲೋಮೀಟರ್. ನಾನು ಕೆಲಸ ಮಾಡಿದ್ದು ನಡುವಿನ ಜಾವಗಲ್ ಸೀಮೆಯ ಪ್ರೈಮರಿ ಶಾಲೆಗಳಲ್ಲಿ. ಹಾಗಾಗಿ ನನ್ನ ಬದುಕಿನ ಬಹುಪಾಲು ಈ ಒಂದು ರಸ್ತೆಯ ಮೇಲೆಯೇ ಕಳೆದಿದೆ. ಈ ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಹವಾಮಾನದ ಪಾಠ ಯಾರೂ ಬೇರೆ ಮಾಡಬೇಕಾಗಿಲ್ಲ. ಅರಸೀಕೆರೆ ಬಿಟ್ಟಾಗ ತೆಂಗು, ರಾಗಿ, ಜಾಲಿ, ಬೋಳು ಗುಡ್ಡ. ಜಾವಗಲ್ ದಾಟುತ್ತಲೇ ಕಪ್ಪು ಮಿಶ್ರಿತ ಮಣ್ಣು, ಜೋಳ, ಆಲೂಗಡ್ಡೆ. ಹಳೇಬೀಡು ಕಳೆದ ಮೇಲೆ ಹಸಿರು ಗಾಢವಾಗುತ್ತದೆ. ಬೇಲೂರು ದಾಟಿದರೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ.

ಹೊರಗಿನವರಿಗೆ ಅರಸೀಕೆರೆ ಅಂದರೆ ಬಿಸಿಲೂರು. ರೈಲು ಬದಲಾಯಿಸಲು ಜಂಕ್ಷನ್ನಿನಲ್ಲಿ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ ಕಾದವರೆಲ್ಲ ಈ ಮಾತು ಹೇಳುತ್ತಾರೆ. ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಬೇಲೂರು ಇನ್ನೂ ಎತ್ತರದಲ್ಲಿ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಅನ್ನುವುದು ಹವಾಮಾನ ಶಾಸ್ತ್ರದ ಮೊದಲ ಪಾಠ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ತಿಂಗಳು 40 ಡಿಗ್ರಿ ದಾಟುವ ದಿನ ನಮ್ಮಲ್ಲಿ 35, 36ರ ಆಸುಪಾಸು ಇರುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ ಜಗಲಿಯ ಮೇಲೆ ತಣ್ಣನೆ ಗಾಳಿ ಬಂದೇ ಬರುತ್ತದೆ. ನಮ್ಮ ಸೀಮೆಯನ್ನು ಬಾಡಿಸುವುದು ಬಿಸಿಲಲ್ಲ, ಬಾರದ ಮಳೆ. ಬೇಲೂರು ಪಟ್ಟಣಕ್ಕೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಹತ್ತಿರ ಮಳೆಯಾದರೆ ಅರಸೀಕೆರೆಗೆ ಏಳು ನೂರರ ಆಸುಪಾಸು, ಅದೂ ಒಳ್ಳೆಯ ವರ್ಷದಲ್ಲಿ. ಬೇಲೂರಿನಿಂದ ಪಶ್ಚಿಮಕ್ಕೆ ಸಕಲೇಶಪುರದ ಕಡೆ ನಡೆದರೆ ಅದು ಎರಡು ಸಾವಿರ ದಾಟುತ್ತದೆ. ಬೇಲೂರು ತಾಲ್ಲೂಕು ಒಂದರೊಳಗೇ ಅರೇಹಳ್ಳಿಗೆ ಬೀಳುವುದರ ಹೆಚ್ಚುಕಮ್ಮಿ ಅರ್ಧ ಮಾತ್ರ ಹಳೇಬೀಡಿಗೆ ದಕ್ಕುತ್ತದೆ. ಕೃಷಿ ವಿಜ್ಞಾನಿಗಳು ಇಡೀ ಕರ್ನಾಟಕವನ್ನು 10 ಹವಾಮಾನ ವಲಯಗಳಾಗಿ ಹಂಚಿದ್ದಾರೆ. ಅದರಲ್ಲಿ ನಾಲ್ಕು ವಲಯ ನಮ್ಮ ಹಾಸನ ಜಿಲ್ಲೆಯೊಳಗೇ ಇವೆ. ಅರಸೀಕೆರೆ ಚಿತ್ರದುರ್ಗದ ಜೊತೆ ಮಧ್ಯ ಒಣ ವಲಯಕ್ಕೆ ಸೇರಿದೆ, ಸಕಲೇಶಪುರ ಗುಡ್ಡಗಾಡು ವಲಯಕ್ಕೆ, ಬೇಲೂರು ಇವೆರಡರ ನಡುವಿನ ಸಂಕ್ರಮಣ ವಲಯಕ್ಕೆ.

ಮಿಲಿಮೀಟರ್ ಅಂದರೆ ಮಕ್ಕಳಿಗೆ ತಲೆಗೆ ಹತ್ತುತ್ತಿರಲಿಲ್ಲ. ನೆಟ್ಟಗಿರುವ ಒಂದು ಡಬ್ಬವನ್ನು ಶಾಲೆಯ ಬಯಲಲ್ಲಿ ಮರದ ನೆರಳಿಗೆ ಸಿಗದ ಹಾಗೆ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಅದರೊಳಗೆ ಸ್ಕೇಲು ಇಳಿಸಿ ತೋರಿಸುತ್ತಿದ್ದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ಹರಡಿದರೆ ಅದು ಒಂದು ಮಿಲಿಮೀಟರ್ ಮಳೆ. ಎಕರೆಗೆ ಲೆಕ್ಕ ಹಾಕಿದರೆ 4,000 ಲೀಟರಿಗೆ ತುಸು ಹೆಚ್ಚು. ಒಂದು ಸಂಜೆ ಗುಡುಗು ಸಿಡಿಲಿನ ಜೊತೆ 40 ಮಿಲಿಮೀಟರ್ ಹೊಡೆದರೆ ಎಕರೆಗೆ ಒಂದು ಲಕ್ಷದ ಅರವತ್ತು ಸಾವಿರ ಲೀಟರ್! “ಅಷ್ಟು ನೀರು ಎಲ್ಲಿ ಹೋಯ್ತು ಮಿಸ್?” ಅಂತ ಮಕ್ಕಳು ಕೇಳುತ್ತಿದ್ದವು. ಬಯಲುಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ಬಿಸಿಲು ಮತ್ತು ಗಾಳಿ ಸೇರಿ ತೆರೆದ ಕೆರೆಯಿಂದ ವರ್ಷಕ್ಕೆ ಎತ್ತಿಕೊಂಡು ಹೋಗುವ ನೀರು, ಬೀಳುವ ಮಳೆಯ ಸುಮಾರು ಎರಡರಷ್ಟು.

ಇಷ್ಟು ಹತ್ತಿರದ ಊರುಗಳಿಗೆ ಮಳೆಯಲ್ಲಿ ಇಷ್ಟೊಂದು ಅಂತರ ಯಾಕೆ? ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ನೀರು ಹೊತ್ತ ಗಾಳಿ ಬಂದು ಪಶ್ಚಿಮ ಘಟ್ಟಕ್ಕೆ ಎದೆಕೊಡುತ್ತದೆ. ಘಟ್ಟ ಅದನ್ನು ಮೇಲಕ್ಕೆ ತಳ್ಳುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ ಹೊತ್ತದ್ದನ್ನೆಲ್ಲ ಸಕಲೇಶಪುರ, ಮೂಡಿಗೆರೆ ಕಡೆ ಸುರಿದುಬಿಡುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ಬಾಬಾಬುಡನ್ ಗಿರಿಸಾಲಿಗೆ. ಘಟ್ಟ ದಾಟಿದ ಗಾಳಿ ಕೆಳಗಿಳಿಯುತ್ತಾ ಮತ್ತೆ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ನೀರನ್ನು ಬಿಡುವುದಿಲ್ಲ, ನೆಲದಲ್ಲಿದ್ದದ್ದನ್ನೂ ಹೀರುತ್ತದೆ. ಆಷಾಢದಲ್ಲಿ ಕಣಕಟ್ಟೆಯ ಬಯಲಲ್ಲಿ ನಿಂತರೆ ಈ ಪಾಠ ಮೈಗೇ ತಿಳಿಯುತ್ತದೆ. ಮೋಡ ದಂಡುದಂಡಾಗಿ ಪೂರ್ವಕ್ಕೆ ಓಡುತ್ತಿರುತ್ತದೆ, ಸೀರೆಯ ಸೆರಗು ನಿಲ್ಲದಷ್ಟು ಗಾಳಿ, ತೆಂಗಿನ ಗರಿ ಒಂದೇ ಸಮ ಬಡಿದುಕೊಳ್ಳುತ್ತದೆ, ನೆಲಕ್ಕೆ ಬೀಳುವುದು ಮಾತ್ರ ಚಿಮುಕಿಸಿದಂತೆ ನಾಲ್ಕು ತುಂತುರು. ಆ ಮೋಡಗಳು ನಮ್ಮವಲ್ಲ, ಬರೀ ದಾರಿಹೋಕರು.

ಹೊಸ ಸೊಸೆ ಆಷಾಢಕ್ಕೆ ತವರಿಗೆ ಬರಬೇಕಲ್ಲ, ನಾನೂ ಬಂದಿದ್ದೆ. ಗಾಳಿಗೆ ದೂಳು ತುಂಬಿದ ಕಣ್ಣು ಉಜ್ಜಿಕೊಳ್ಳುತ್ತಾ ತಿಂಗಳು ಕಳೆದು ಶ್ರಾವಣಕ್ಕೆ ಗಂಡನ ಮನೆಗೆ ಹೋದರೆ ಅಲ್ಲಿ ಬೇರೆಯೇ ಲೋಕ. ವಾರಗಟ್ಟಲೆ ಸೂರ್ಯನ ಸುಳಿವಿಲ್ಲ. ಉಪ್ಪಿನ ಮರಿಗೆಯಲ್ಲಿ ಉಪ್ಪಿನ ಬದಲು ನೀರು. ಬೆಂಕಿಪೊಟ್ಟಣ ಒಲೆಯ ಪಕ್ಕದ ಗೂಡಿನಿಂದ ಈಚೆ ಬರುವ ಹಾಗಿಲ್ಲ. ಒಲೆಯ ಮೇಲೆ ಕಟ್ಟಿದ ಬಿದಿರ ತಟ್ಟಿಗೆ ಬಟ್ಟೆ ಹರವಬೇಕು, ಅದು ಒಣಗುವ ಹೊತ್ತಿಗೆ ಹೊಗೆಯ ವಾಸನೆ ನೇಯ್ಗೆಯೊಳಗೇ ಇಳಿದಿರುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ನನ್ನ ತವರಿನಿಂದಲೇ ಬರಬೇಕಿತ್ತು. ಅಮ್ಮ ಶಿವರಾತ್ರಿಯಿಂದ ಯುಗಾದಿಯ ತನಕ ಮಾಳಿಗೆಯ ಮೇಲೆ ಒಣಗಿಸಿ ಡಬ್ಬ ತುಂಬಿ ಕಳಿಸುತ್ತಿದ್ದಳು. ಅತ್ತೆ ಅದಕ್ಕೆ ಬದಲು ಕಾಫಿಪುಡಿ, ಕರಿಮೆಣಸು ಕಟ್ಟಿಕೊಡುತ್ತಿದ್ದರು. ಎರಡು ಹವಾಮಾನಗಳ ನಡುವಿನ ವ್ಯಾಪಾರ ನಮ್ಮ ಮನೆಗಳ ಕೈಚೀಲದಲ್ಲೇ ನಡೆಯುತ್ತಿತ್ತು ಅನ್ನಿ.

ಮಳೆ ಬರುವ ದಿಕ್ಕೂ ಎರಡು ಕಡೆ ಒಂದೇ ಅಲ್ಲ. ನಮ್ಮತ್ತೆ ಬೆಳಿಗ್ಗೆ ಎದ್ದು ಪಡುವಲ ದಿಕ್ಕಿಗೆ ನೋಡೋರು. ಅಪ್ಪ ನೋಡುತ್ತಿದ್ದುದು ಮೂಡಲಕ್ಕೆ, ಅದೂ ಮಧ್ಯಾಹ್ನ ಮೂರರ ಮೇಲೆ. ಬೇಲೂರಿನ ಪಶ್ಚಿಮಕ್ಕೆ ಜುಲೈ ತಿಂಗಳೇ ಮಳೆಯ ನಡುಮನೆ, ಆರಿದ್ರಾ, ಪುನರ್ವಸು, ಪುಷ್ಯ ಮೂರೂ ಒಂದರ ಹಿಂದೊಂದು ಜಡಿಯಾಗಿ ಹಿಡಿಯುತ್ತವೆ. ಅರಸೀಕೆರೆಗೆ ಮಳೆ ಬರುವುದು ಎರಡು ಕಂತಿನಲ್ಲಿ. ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಭರಣಿ, ಕೃತ್ತಿಕೆಯ ಗುಡುಗು ಮಳೆ ಮೊದಲ ಕಂತು. ನಡುವೆ ಗಾಳಿಯ ತಿಂಗಳುಗಳು. ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಉತ್ತರೆ, ಹಸ್ತ, ಚಿತ್ತೆ. ಆ ಹೊತ್ತಿಗೆ ಪಡುವಣ ಗಾಳಿಯ ಬಿರುಸು ಇಳಿದಿರುತ್ತದೆ. ನೆಲ ಕಾದು ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಬಾಲವೂ ನಮ್ಮವರೆಗೆ ಬರುತ್ತದೆ. ಸಂಜೆ ಪೂರ್ವದಿಂದ ಕಪ್ಪಾಗಿ ಏರಿ ಬಂದು ಅರ್ಧ ಗಂಟೆಯಲ್ಲಿ ಹಳ್ಳಕೊಳ್ಳ ಹರಿಸಿ ಹೋಗುವ ಈ ಮಳೆಯೇ ನಮ್ಮ ಕೆರೆ ತುಂಬಿಸುವ ಮಳೆ. ಪಕ್ಕದ ಊರಿನಲ್ಲಿ ಕೋಡಿ ಬಿದ್ದಿದ್ದರೂ ನಮ್ಮೂರಿನ ರಸ್ತೆ ಒದ್ದೆಯಾಗಿರುವುದಿಲ್ಲ. ಟಿ.ವಿ.ಯಲ್ಲಿ ಜೂನ್ ಮೊದಲ ವಾರ ಕೇರಳಕ್ಕೆ ಮುಂಗಾರು ಬಂತು ಅಂತ ಸಂಭ್ರಮ ಮಾಡುವಾಗ ನನಗೆ ನಗು ಬರುತ್ತದೆ. ಅರಸೀಕೆರೆಯ ರೈತನಿಗೆ ಆ ಸುದ್ದಿಯಿಂದ ಆಗಬೇಕಾದ್ದು ಹೆಚ್ಚೇನೂ ಇಲ್ಲ.

ಮಳೆ ನಕ್ಷತ್ರಗಳನ್ನು ಈಗಿನವರು ಮೂಢನಂಬಿಕೆಯ ಪಟ್ಟಿಗೆ ಸೇರಿಸುವುದುಂಟು. ಯುಗಾದಿ ದಿನ ಪಂಚಾಂಗ ಓದಿ ಈ ವರ್ಷ ಇಷ್ಟು ಕೊಳಗ ಮಳೆ ಅನ್ನುವುದನ್ನು ನಾನೂ ನಂಬುವುದಿಲ್ಲ. ಆದರೆ ನಕ್ಷತ್ರದ ಲೆಕ್ಕ ಬೇರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು, ಹದಿನಾಲ್ಕು ದಿನಗಳನ್ನು ಒಂದು ಮಳೆ ಎಂದು ಹೆಸರಿಟ್ಟು ಕರೆದದ್ದು ಚೊಕ್ಕವಾದ ಸೌರ ಕ್ಯಾಲೆಂಡರ್. ಭರಣಿ ಯಾವತ್ತೂ ಏಪ್ರಿಲ್ ಕೊನೆಗೇ ಬರುತ್ತದೆ, ಉತ್ತರೆ ಸೆಪ್ಟೆಂಬರ್ ನಡುವಿಗೇ. ನಮ್ಮಪ್ಪ ಇಸವಿ, ತಾರೀಖು ಮರೆತರೂ “ಆ ವರ್ಷ ಹಸ್ತೆ ಕೈಕೊಡ್ತು, ಚಿತ್ತೇಲಿ ರಾಗಿ ತೆನೆ ತುಂಬ್ತು” ಅಂತ ಇಪ್ಪತ್ತು ವರ್ಷದ ಹಿಂದಿನದನ್ನು ಹೇಳುತ್ತಿದ್ದ. ಭರಣಿಗೆ ಹದವಾದರೆ ಎಳ್ಳು, ಹೆಸರು, ಅಲಸಂದೆ. ಅದು ಕಿತ್ತ ಮೇಲೆ ರಾಗಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಎರಡು ಕಂತಿನ ಮಳೆಗೆ ಹೇಳಿ ಮಾಡಿಸಿದ ಜಾಣತನ ಅದು.

ಒಣ ಹವೆಯನ್ನು ಶಾಪ ಅನ್ನುವವರಿಗೆ ನಾನು ಎರಡು ವಸ್ತು ತೋರಿಸುತ್ತೇನೆ. ಒಂದು ಹಗೇವು. ತವರುಮನೆಯ ಮುಂದೆ ನೆಲದೊಳಗೆ ತೋಡಿದ ರಾಗಿ ಹಗೇವು ಇತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ತೆಗೆಯುವ ದಿನ ಮಕ್ಕಳನ್ನು ದೂರ ನಿಲ್ಲಿಸಿ ಚಪ್ಪಡಿ ಸರಿಸಿ ಅರ್ಧ ದಿನ ಹಾಗೇ ಬಿಡುತ್ತಿದ್ದರು. ಆಮೇಲೆ ಅಪ್ಪ ಹಗ್ಗಕ್ಕೆ ಲಾಂದ್ರ ಕಟ್ಟಿ ಮೆಲ್ಲಗೆ ಒಳಗಿಳಿಸುತ್ತಿದ್ದ. ದೀಪ ಮಂಕಾದರೆ ಅವತ್ತು ಯಾರೂ ಇಳಿಯುವ ಹಾಗಿಲ್ಲ. ಕಾಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ. ಹುಳವನ್ನು ಕೊಲ್ಲುವುದೂ ಅದೇ, ಇಳಿದ ಮನುಷ್ಯನನ್ನು ಕೊಲ್ಲುವುದೂ ಅದೇ. ದೀಪ ಸ್ಥಿರವಾಗಿ ಉರಿದರೆ ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಈ ಹಗೇವನ್ನು ಬಿಕ್ಕೋಡಿನಲ್ಲಿ ತೋಡಿದ್ದರೆ ಒಂದೇ ಮಳೆಗಾಲಕ್ಕೆ ರಾಗಿ ಮುಗ್ಗಲು ಹಿಡಿದು ಮೊಳಕೆ ಬಂದಿರುತ್ತಿತ್ತು. ಅಲ್ಲಿನವರು ಭತ್ತವನ್ನು ನೆಲದೊಳಕ್ಕಲ್ಲ, ಮೇಲಕ್ಕೆ ಏರಿಸುತ್ತಾರೆ. ಕಣಜ, ಅಟ್ಟ, ಕೆಳಗಿನಿಂದ ಒಲೆಯ ಹೊಗೆ.

ಎರಡನೆಯದು ಉಂಡೆ ಕೊಬ್ಬರಿ. ಕರಾವಳಿಯಲ್ಲಿ ತೆಂಗಿಗೆ ಬರವಿಲ್ಲ, ಆದರೆ ಅಲ್ಲಿ ಕಾಯಿ ಒಡೆದು ಹೋಳು ಮಾಡಿ ಬಿಸಿಲಿಗೋ ಹೊಗೆಗೋ ಒಣಗಿಸಿ ಗಾಣಕ್ಕೆ ಕಳಿಸಬೇಕು. ಅರಸೀಕೆರೆ, ತಿಪಟೂರು ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು, ಹನ್ನೆರಡು ತಿಂಗಳು ಮರೆತುಬಿಡುತ್ತಾರೆ. ಒಣ ಗಾಳಿ ತನ್ನ ಪಾಡಿಗೆ ಒಳಗಿನ ನೀರನ್ನೆಲ್ಲ ಆರಿಸುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗುಂಡಗೆ ಒಣಗುತ್ತದೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನಬೇಕು, ನೀರು ಕಲಕಿದ ಸದ್ದು ಬಂದರೆ ಇನ್ನೂ ಆಗಿಲ್ಲ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಉತ್ತರ ಭಾರತದ ತನಕ ಹೋಗುತ್ತದಲ್ಲ, ಅದರ ಹಿಂದಿರುವ ಯಂತ್ರ ನಮ್ಮ ಒಣ ಹವೆಯೇ. ಅದಕ್ಕೆ ಕರೆಂಟು ಬಿಲ್ಲಿಲ್ಲ.

ಹಳೇಬೀಡಿಗೆ ಬರುವ ಪ್ರವಾಸಿಗರಿಗೆ ಗೈಡುಗಳು ಶಿಲ್ಪ ತೋರಿಸುತ್ತಾರೆ, ಕೆರೆ ತೋರಿಸುವುದು ಕಡಿಮೆ. ನನಗೆ ಮೊದಲು ಕೆರೆ, ಆಮೇಲೆ ದೇವಸ್ಥಾನ. ಹೊಯ್ಸಳರ ಮೂಲ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅವತ್ತಿನ ಸೊಸೆವೂರು. ಅದು ಕಡುಮಳೆಯ ಕಾಡು. ಅಲ್ಲಿಂದ ಬೇಲೂರಿಗೆ ಬಂದರು, ಬೇಲೂರಿನಿಂದ ದೋರಸಮುದ್ರಕ್ಕೆ, ಅಂದರೆ ಇವತ್ತಿನ ಹಳೇಬೀಡಿಗೆ. ನಕ್ಷೆಯ ಮೇಲೆ ಈ ಮೂರು ಊರುಗಳನ್ನು ಗುರುತು ಮಾಡಿ ನೋಡಿ. ಒಂದೊಂದು ಹೆಜ್ಜೆಗೂ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ, ಬಯಲು ಅಗಲವಾಗುತ್ತಾ ಹೋಗುತ್ತದೆ. ದಂಡು ಕಟ್ಟಲು, ಕುದುರೆ ಓಡಿಸಲು, ಕಾಳು ಕೂಡಿಡಲು ಬಯಲು ಬೇಕು. ಬದುಕಲು ಮಲೆನಾಡಿನ ನೀರೂ ಬೇಕು. ಎರಡೂ ಕೈಗೆಟುಕುವ ಗಡಿಯ ಮೇಲೆ ಅವರು ರಾಜಧಾನಿ ಕಟ್ಟಿದರು ಅನ್ನುವುದು ನನ್ನ ಎಣಿಕೆ. ಇತಿಹಾಸಕಾರರು ರಾಜಕೀಯದ ಕಾರಣಗಳನ್ನು ಕೊಡುತ್ತಾರೆ, ಅವೂ ಇರಲಿ. ಊರಿಗೆ ಹೆಸರು ಬಂದದ್ದು ಕೆರೆಯಿಂದ. ಊರ ಕೆರೆಗೆ ಬೀಳುವ ಮಳೆ ಸಾಲದು ಎಂದು ಬೇಲೂರಿನ ಕಡೆ ಹರಿಯುವ ಯಗಚಿ ನದಿಯಿಂದ ಕಾಲುವೆ ತಂದು ದೋರಸಮುದ್ರಕ್ಕೆ ಸೇರಿಸಿದ್ದರು. ಅಂದರೆ ಮಳೆ ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ನೀರು ತಿರುಗಿಸುವ ಯೋಚನೆ ಒಂಬೈನೂರು ವರ್ಷ ಹಳೆಯದು. ಯಗಚಿಯ ರಣಘಟ್ಟ ಒಡ್ಡಿನಿಂದ ಮತ್ತೆ ನೀರು ತನ್ನಿ ಎಂದು ನಮ್ಮ ಕಾಲದ ಹಳೇಬೀಡಿನ ರೈತರು ಧರಣಿ ಕೂತಿದ್ದೂ ಅದೇ ಹಳೆಯ ದಾರಿಯ ನೀರಿಗಾಗಿ.

ದೇವಸ್ಥಾನಗಳಲ್ಲೂ ಹವಾಮಾನ ಕಾಣುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು, ಹಳೇಬೀಡಿನ ಹೊಯ್ಸಳೇಶ್ವರ ಅದರ ಬೆನ್ನಿಗೇ ಶುರುವಾದದ್ದು. 2023ರಲ್ಲಿ ಸೋಮನಾಥಪುರದ ಜೊತೆ ಇವೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿ. ಗೋಡೆಯ ಮೇಲೆ ಮುಂದಕ್ಕೆ ಚಾಚಿದ ಅಗಲವಾದ ಕಲ್ಲಿನ ಸೂರು ಕಂಡಿರಾ? ಮದನಿಕೆಯರ ಮೈಮೇಲೆ ಮಳೆ ನೇರ ಬೀಳದ ಹಾಗೆ ಅದು ಕಾಯುತ್ತದೆ. ಬೇಲೂರಿನ ನವರಂಗದ ಸುತ್ತ ಜಾಲಂಧ್ರ ಕೂರಿಸಿದ್ದು ಕಟ್ಟಿದ ಕಾಲದಲ್ಲಲ್ಲ, ಆಮೇಲೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಬೆಳಕು ಕಡಿಮೆಯಾಯಿತು ಎಂದು ಫೋಟೊ ತೆಗೆಯುವವರು ಗೊಣಗುತ್ತಾರೆ, ಏಪ್ರಿಲ್ ಮಧ್ಯಾಹ್ನ ಹೊರಗಿನ ಚಪ್ಪಡಿಯ ಮೇಲೆ ಬರಿಗಾಲಲ್ಲಿ ಕುಣಿದು ಒಳಗೆ ಬಂದವರು ಯಾರೂ ಗೊಣಗುವುದಿಲ್ಲ. ಅಂಗಾಲು ಸುಡಬಾರದು ಅಂದರೆ ಬೆಳಿಗ್ಗೆ ಹತ್ತರೊಳಗೆ ಹೋಗಬೇಕು, ಇಲ್ಲವೇ ನಾಲ್ಕರ ಮೇಲೆ.

ಈ ಊರುಗಳೆಲ್ಲ ಉತ್ತರಕ್ಕೆ 13 ಡಿಗ್ರಿ ಅಕ್ಷಾಂಶದ ಸ್ವಲ್ಪ ಮೇಲಿವೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುವೆ. ಶಾಲೆಯ ಧ್ವಜಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ಬಿಸಿಲಿಗೆ ಬರೀ ಸೂರ್ಯನ ಎತ್ತರವೇ ಕಾರಣವಾಗಿದ್ದರೆ ಆಗಸ್ಟಿನಲ್ಲೂ ಏಪ್ರಿಲ್‌ನಷ್ಟೇ ಸುಡಬೇಕಿತ್ತು. ಆದರೆ ಆಗ ಮೇಲೆ ಮೋಡದ ಚಪ್ಪರ, ಕೆಳಗೆ ಒದ್ದೆ ನೆಲ, ಹಾಗಾಗಿ ಜುಲೈ, ಆಗಸ್ಟಿನಲ್ಲಿ ಸ್ವೆಟರ್ ತೆಗೆಯುವ ದಿನಗಳೂ ಇರುತ್ತವೆ. ಈ ತಂಪನ್ನು ನಂಬಿಯೇ ಹಳೇಬೀಡು, ಹಾಸನದ ಸುತ್ತ ಮಳೆಗಾಲದಲ್ಲಿ ಆಲೂಗಡ್ಡೆ ಬೆಳೆಯುತ್ತಾರೆ, ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ. ಆದರೆ ಮೋಡ ಮುಸುಕಿ ತೇವ ನಿಂತ ವಾರಗಳಲ್ಲಿ ಅಂಗಮಾರಿ ರೋಗ ಬಂದು ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ. ತಂಪು ಕೊಟ್ಟ ಮೋಡವೇ ರೋಗವನ್ನೂ ತರುತ್ತದೆ. ಹಲವರು ಆಲೂಗಡ್ಡೆ ಬಿಟ್ಟು ಜೋಳ, ಶುಂಠಿಗೆ ಹೋಗಿದ್ದಾರೆ.

ಬೇಸಿಗೆಯ ಮಳೆಯನ್ನು ಎರಡೂ ಕಡೆಯವರು ಕಾಯುತ್ತಾರೆ, ಕಾರಣ ಮಾತ್ರ ಬೇರೆ. ಬಿಕ್ಕೋಡಿನವರಿಗೆ ಅದು ಹೂಮಳೆ. ಮಾರ್ಚ್, ಏಪ್ರಿಲಿನಲ್ಲಿ ಒಂದಿಂಚು ಬಿದ್ದರೆ ಎಂಟು, ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಮೂರು ವಾರದೊಳಗೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಅರ್ಧ ಇಂಚು ಬಿದ್ದು ಮೊಗ್ಗು ಅರೆಬರೆ ಬಿರಿದರೆ ಆ ವರ್ಷದ ಫಸಲು ಅಷ್ಟಕ್ಕಷ್ಟೇ. ಅರಸೀಕೆರೆಯವರಿಗೆ ಅದೇ ಮಳೆ ಮೊದಲ ಉಳುಮೆಗೆ. ಆಲಿಕಲ್ಲು ಬಿದ್ದರೆ ಮಕ್ಕಳಿಗೆ ಹಬ್ಬ, ಮಾವಿನ ತೋಟದವನಿಗೆ ಶ್ರಾದ್ಧ.

ಚಳಿಗಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಮ್ಮ ಸೀಮೆಯ ತಕರಾರಿಲ್ಲದ ಕಾಲ. ಡಿಸೆಂಬರ್‌ನಲ್ಲಿ ಬೇಲೂರಿನ ಗೋಪುರ ಎಂಟು ಗಂಟೆಯಾದರೂ ಮಂಜಿನಿಂದ ಈಚೆ ಬರುವುದಿಲ್ಲ. ಅರಸೀಕೆರೆ ಕಡೆ ಆಕಾಶ ತಿಳಿಯಾಗಿ, ಹಗಲೆಲ್ಲ ಕಾದ ನೆಲ ರಾತ್ರಿ ಬೇಗ ಆರಿ ಇಬ್ಬನಿ ಇಳಿಯುತ್ತದೆ. ಅವರೆಕಾಯಿಗೆ ಸೊಗಡು ಹತ್ತುವುದು ಆ ಇಬ್ಬನಿಯಿಂದ ಅನ್ನುತ್ತಾರೆ. ಸಂಕ್ರಾಂತಿಯ ಹಿಂದುಮುಂದಿನ ಇದುಕಿದ ಬೇಳೆ ಸಾರು ಉಂಡವರು ಇದರ ಬಗ್ಗೆ ವಾದಕ್ಕೆ ಬರುವುದಿಲ್ಲ.

ಹವಾಮಾನ ಬದಲಾಗಿದೆಯಾ ಅಂತ ಈಗ ಎಲ್ಲರೂ ಕೇಳುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರೇ 38 ಡಿಗ್ರಿ ದಾಟಿತು. ಆದರೆ ನಮ್ಮ ಕಡೆ ಮೊದಲು ಬದಲಾದದ್ದು ಆಕಾಶವಲ್ಲ, ನೆಲ. ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 40, 50 ಲೀಟರ್ ನೀರು ಬೇಕು. ಮೊದಲೆಲ್ಲ ಕೆರೆಯ ಹಿಂದೆ, ಹಳ್ಳದ ದಡದಲ್ಲಿ, ತೇವ ನಿಲ್ಲುವ ಕಡೆ ಮಾತ್ರ ತೆಂಗು ಇರುತ್ತಿತ್ತು. ಕೊಳವೆಬಾವಿ ಬಂದ ಮೇಲೆ ರಾಗಿ ಹೊಲದ ದಿಬ್ಬಕ್ಕೂ ತೆಂಗು ಹತ್ತಿತು. ನಮ್ಮ ನೆಲದಡಿ ಗಟ್ಟಿ ಬಂಡೆ, ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಇನ್ನೂರು ಅಡಿಗೆ ಸಿಗುತ್ತಿದ್ದದ್ದು ಸಾವಿರ ಅಡಿಗೆ ಇಳಿಯಿತು, ಅಂತರ್ಜಲ ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಗೆ ಅರಸೀಕೆರೆ ಸೇರಿತು. ಕಳೆದ ದಶಕದಲ್ಲಿ ಸಾಲುಸಾಲು ಬರ ಬಂದಾಗ ಸುಳಿ ಒಣಗಿ ನಿಂತ ಮರಗಳು ರೈಲಿನ ಕಿಟಕಿಯಿಂದಲೂ ಕಾಣುತ್ತಿದ್ದವು. ರಾಗಿ ಹೊಲ ಒಣಗಿದರೆ ಒಂದು ವರ್ಷದ ನಷ್ಟ. ತೆಂಗಿಗೆ ಬಿದ್ದ ಪೆಟ್ಟು ಮಳೆ ಬಂದ ಮೇಲೂ ಎರಡು ಮೂರು ವರ್ಷ ಫಸಲಿನಲ್ಲಿ ಕಾಣುತ್ತದೆ, ಹೊಂಬಾಳೆ ಹೊರಗೆ ಕಾಣಿಸುವ ಎಷ್ಟೋ ಮೊದಲೇ ಮರದೊಳಗೆ ರೂಪುಗೊಳ್ಳುವುದರಿಂದ. ಏಳು ನೂರು ಮಿಲಿಮೀಟರಿನ ಊರಿನಲ್ಲಿ ಸಾವಿರದೈನೂರರ ಊರಿನ ತೋಟ ಮಾಡಹೊರಟದ್ದು ನಾವೇ. ಈ ಮಾತು ಹೇಳಿ ನಾನು ತವರಿನಲ್ಲಿ ಬೈಸಿಕೊಂಡಿದ್ದೇನೆ.

ಮಳೆಯ ಲೆಕ್ಕ ಮಾತ್ರ ಈಗ ಮೊದಲಿಗಿಂತ ಚೆನ್ನಾಗಿ ಸಿಗುತ್ತದೆ. 1988ರಲ್ಲಿ ದೇಶದಲ್ಲೇ ಮೊದಲಿಗೆ ಕರ್ನಾಟಕ ಶುರುಮಾಡಿದ ಬರ ನಿಗಾ ಘಟಕವೇ ಇವತ್ತಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ಅದು ನಿಲ್ಲಿಸಿದೆ. ಹಿಂದೆ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಬಿದ್ದ ಮಳೆಯೇ ಇಡೀ ತಾಲ್ಲೂಕಿನ ಮಳೆ ಅನ್ನಿಸಿಕೊಳ್ಳುತ್ತಿತ್ತು. ಅರೇಹಳ್ಳಿಯ ಜಡಿಮಳೆಯನ್ನೂ ಹಳೇಬೀಡಿನ ಒಣಗಾಳಿಯನ್ನೂ ಒಂದೇ ಸರಾಸರಿಯಲ್ಲಿ ಕಲಸಿ ‘ಬೇಲೂರು ತಾಲ್ಲೂಕಿಗೆ ವಾಡಿಕೆ ಮಳೆ’ ಎಂದು ಬರೆದರೆ ಹಳೇಬೀಡಿನವನಿಗೆ ಬರ ಪರಿಹಾರ ಎಲ್ಲಿಂದ ಬರಬೇಕು? ಈಗ ಹೋಬಳಿಯ ಲೆಕ್ಕ, ಪಂಚಾಯಿತಿಯ ಲೆಕ್ಕ ಕೇಳಬಹುದು. ಕೇಳಲೇಬೇಕು.

ಇನ್ನು ಎತ್ತಿನಹೊಳೆ. ಸಕಲೇಶಪುರದ ಘಟ್ಟದಲ್ಲಿ ಪಶ್ಚಿಮಕ್ಕೆ ಹರಿಯುವ ಹಳ್ಳಗಳ ನೀರನ್ನು ಮಳೆಗಾಲದಲ್ಲಿ ಎತ್ತಿ ಪೂರ್ವದ ಬಯಲಿಗೆ, ಕೋಲಾರ, ಚಿಕ್ಕಬಳ್ಳಾಪುರದವರೆಗೆ ಸಾಗಿಸುವ ಯೋಜನೆ. ಲೆಕ್ಕದಲ್ಲಿ 24 ಟಿ.ಎಂ.ಸಿ., ಅಂದಾಜು ವೆಚ್ಚ 23 ಸಾವಿರ ಕೋಟಿ ರೂಪಾಯಿ ದಾಟಿದೆ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಮುಂದಿನ ಕಾಲುವೆ ಸಿದ್ಧವಿಲ್ಲದ್ದರಿಂದ ನೀರನ್ನು ವೇದಾವತಿ ಕಣಿವೆಗೆ ಬಿಟ್ಟು ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆ ಹರಿಸಿದರು. ಘಟ್ಟದ ಕಾಡಿಗೆ, ನೇತ್ರಾವತಿಯ ಕೆಳಗಿನವರಿಗೆ ಏನಾಗುತ್ತದೆ ಎಂಬ ಜಗಳ ಇನ್ನೂ ನಿಂತಿಲ್ಲ. ಹೊಯ್ಸಳರ ಕಾಲುವೆ ಪಕ್ಕದ ಹೊಳೆಯಿಂದ ಪಕ್ಕದ ಕೆರೆಗೆ, ಇಳಿಜಾರನ್ನು ನಂಬಿ ಹರಿದದ್ದು. ಇದು ಪಂಪನ್ನು ನಂಬಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರನ್ನು ಕಂಡರೆ ನನಗೆ ಅನುಮಾನ.

ತವರಿನಲ್ಲಿ ನನ್ನ ತಮ್ಮ ಈಗ ಒಣಗಿದ ಮರಗಳನ್ನು ಕಡಿಸಿ, ಹೊಲದ ತಗ್ಗಿಗೆ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ತೋಡಿಸಿದ್ದಾನೆ. ಉಳಿದ ತೆಂಗಿಗೆ ಬೇಸಿಗೆಯ ಎರಡು ತಿಂಗಳು ಹನಿ ನೀರಾವರಿಗೆ ಅದು ಸಾಕು. ಮರ ಹೋದ ದಿಬ್ಬಕ್ಕೆ ಮತ್ತೆ ರಾಗಿ ಬಂದಿದೆ, ಸಾಲಿನಲ್ಲಿ ಅವರೆಯೂ. ಮೊನ್ನೆ ಫೋನಿನಲ್ಲಿ ಎತ್ತಿನಹೊಳೆ ನೀರು ನಿಮ್ಮ ಕಡೆ ಯಾವಾಗಂತೆ ಅಂದೆ. “ಅದು ಬಂದಾಗ ಬರ್ಲಿ ಬಿಡಕ್ಕ” ಅಂದ. “ರಾಗಿ ಹೊಡೆ ಬಿಚ್ಚೋ ಹೊತ್ತು, ಮೊದ್ಲು ಉತ್ತರೆ ಒಂದು ಹದ ಕೊಡ್ಲಿ. ಇವತ್ತು ಮೂಡ್ಲಾಗೆ ಸ್ವಲ್ಪ ಕಪ್ಪಾಗೈತೆ, ಹೊಲದ ಬದ ಒಡೆದಿರೋ ಕಡೆ ಮಣ್ಣು ಹಾಕ್ಬೇಕು, ಆಮೇಲೆ ಮಾಡ್ತೀನಿ ಇಡು.”